ಬಾಗಿಲ ಪಕ್ಕದ ಸೀಟು

ನಮ್ಮ ವ್ಯಾನಿನಲ್ಲಿ ಬಾಗಿಲ ಪಕ್ಕದ ಸೀಟು ನನ್ನದು. ಮನೆಗೆ ಎಷ್ಟೇ ದೊಡ್ಡ ಅತಿಥಿ ಬರಲಿ, ಆ ಸೀಟಿನಲ್ಲಿ ಬೇರೆಯವರು ಕೂರುವ ಹಾಗಿಲ್ಲ. ಗೊತ್ತಿಲ್ಲದೆ ಯಾರಾದರೂ ಕೂತುಬಿಟ್ಟರೆ ನನ್ನ ಅವಳಿ ಗಂಡುಮಕ್ಕಳು ಹಿಂದಿನಿಂದ ಒಂದೇ ಸ್ವರದಲ್ಲಿ, "ಅದು ಉಮ್ಮನ ಎಮರ್ಜೆನ್ಸಿ ಸೀಟ್!" ಎಂದು ಕೂಗುತ್ತಾರೆ. ಮೊದಮೊದಲು ಮುಖ ಎಲ್ಲಿಡುವುದೆಂದೇ ತಿಳಿಯುತ್ತಿರಲಿಲ್ಲ. ಈಗ ನಾನೇ, "ಹೌದು, ಸ್ವಲ್ಪ ಆಚೆ ಸರಿಯಿರಿ" ಅನ್ನುತ್ತೇನೆ.

ಬಿಪಿ, ಶುಗರ್, ಥೈರಾಯ್ಡ್ ಎಂದರೆ ನಮ್ಮ ಹೆಂಗಸರು ಮದುವೆ ಮನೆಯ ಊಟಕ್ಕೆ ಕೂತಾಗಲೂ ಚರ್ಚಿಸುತ್ತಾರೆ. ಯಾರ ಮಾತ್ರೆ ಯಾವ ಬಣ್ಣದ್ದು ಎಂಬುದೂ ಎಲ್ಲರಿಗೂ ಗೊತ್ತಿರುತ್ತದೆ. ಕಾಯಿಲೆ ಹೊಟ್ಟೆಯಿಂದ ಸ್ವಲ್ಪ ಕೆಳಗಿಳಿದರೆ ಮಾತ್ರ ಎಲ್ಲರ ಬಾಯಿಗೂ ಬೀಗ. ನನ್ನ ಬಾಯಿಗೂ ಬೀಗವಿತ್ತು. ಅದು ಹೇಗೆ ತೆರೆಯಿತು ಎಂದು ಬರೆದರೆ, ಇದೇ ಕಾಯಿಲೆಯನ್ನು ಗುಟ್ಟಾಗಿಟ್ಟುಕೊಂಡು, ಸದ್ದು ಹೊರಗೆ ಕೇಳದಿರಲಿ ಎಂದು ನಲ್ಲಿ ಜೋರಾಗಿ ಬಿಟ್ಟು ಕೂತಿರುವ ಯಾರಿಗಾದರೂ ಸ್ವಲ್ಪ ಧೈರ್ಯ ಬಂದೀತು. ಓದಿ ನಕ್ಕರೂ ನನಗೇನೂ ಬೇಜಾರಿಲ್ಲ.

ನಾವಿರುವುದು ಬಹರೈನಿನಲ್ಲಿ, ಮನಾಮದ ಸೆಗಯಾದಲ್ಲಿ. ನನ್ನ ಗಂಡ ಹನೀಫ್ ಅದೇ ಬೀದಿಯಲ್ಲಿ ಕೋಲ್ಡ್ ಸ್ಟೋರ್ ನಡೆಸುತ್ತಾರೆ. ಹೆಸರು ಹಾಗಿದ್ದರೂ ಅದು ನಮ್ಮೂರ ದಿನಸಿ ಅಂಗಡಿಯೇ. ಹಾಲು, ಖುಬೂಸ್ ರೊಟ್ಟಿ, ಮೊಟ್ಟೆ, ಫೋನಿನ ರೀಚಾರ್ಜು, ಎಲ್ಲವೂ ಸಿಗುತ್ತದೆ. ನಾನು ಶಾಲೆಯಲ್ಲಿ ಕೆಜಿ ಮಕ್ಕಳ ಟೀಚರ್. ನಮಗೆ ಮೂವರು ಮಕ್ಕಳು. ದೊಡ್ಡವಳು ಶಝಾ, ಆಮೇಲೆ ಈ ಅವಳಿಗಳು. ಐದು ಜನಕ್ಕೆ ಐದು ಸೀಟಿನ ಹಳೆಯ ಕಾರು ಹೇಗೋ ಸಾಕಾಗುತ್ತಿತ್ತು.

ಆಗ ಪಾಣೆಮಂಗಳೂರಿನಿಂದ ನನ್ನ ಅತ್ತೆ ಮಗನಿಗೆ ಕಳಿಸಿದ ವಾಯ್ಸ್ ಮೆಸೇಜು ಬಂತು. ನಾವು ಅವರನ್ನು ಮಾಮಿ ಅನ್ನುತ್ತೇವೆ. "ಮೋನೇ, ನಾನು ಬಹರೈನಿಗೆ ಬರ್ತೇನೆ. ಆದ್ರೆ ಅಲ್ಲಿಂದ ನನ್ನನ್ನು ಉಮ್ರಾಕ್ಕೆ ಕರ್ಕೊಂಡು ಹೋಗ್ಬೇಕು. ವಿಮಾನದಲ್ಲಿ ಬೇಡ. ರಸ್ತೆಯಲ್ಲಿ. ನಿನ್ನ ಗಾಡಿಯಲ್ಲಿ, ಎಲ್ರೂ ಒಟ್ಟಿಗೆ." ನನ್ನ ಮಾವ ಬಸ್ಸಿನ ಡ್ರೈವರ್ ಆಗಿದ್ದವರು. ಮಕ್ಕಾಕ್ಕೂ ನಿನ್ನನ್ನು ನಾನೇ ಓಡಿಸಿಕೊಂಡು ಹೋಗುತ್ತೇನೆ ಎಂದು ಹೆಂಡತಿಗೆ ತಮಾಷೆ ಮಾಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಮಾಮಿ ಆ ತಮಾಷೆಯನ್ನು ಮಗನ ಹೆಗಲಿಗೆ ಹಾಕಿದ್ದರು. ಸೌದಿಗೆ ಹೋಗುವ ಸಮುದ್ರದ ಮೇಲಿನ ಕಾಸ್‌ವೇ ದಾಟಿ, ರಿಯಾದ್ ಹಾದು, ಮರುಭೂಮಿಯ ನಡುವೆ ಹಗಲಿಡೀ ಓಡಿಸಿದರೂ ಮುಗಿಯದ ದಾರಿ ಅದು. ಹನೀಫ್ ಸಂತೋಷದಿಂದ ಉಬ್ಬಿಹೋದರು. ಉಮ್ಮನ ಆಸೆಯೂ ತೀರುತ್ತದೆ, ದೊಡ್ಡ ಗಾಡಿ ಕೊಳ್ಳಲು ನೆಪವೂ ಸಿಕ್ಕಿತು.

ನನಗೆ ಮಾತ್ರ ಆ ದಾರಿಯನ್ನು ನೆನೆದೇ ಹೆದರಿಕೆಯಾಯಿತು. ಆ ಹೊತ್ತಿಗಾಗಲೇ ಕೆಲವು ತಿಂಗಳಿಂದ ನನ್ನ ಹೊಟ್ಟೆ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ದಿನಕ್ಕೆ ಎಷ್ಟು ಸಲ ಓಡುತ್ತಿದ್ದೆ ಎಂದು ಬರೆಯುವುದಿಲ್ಲ, ಓದುವವರು ಊಟ ಮಾಡುತ್ತಿರಬಹುದು. ಜೊತೆಗೆ ರಕ್ತ ಬೇರೆ. ಮೂಲವ್ಯಾಧಿ ಇರಬೇಕು, ಖಾರ ಕಡಿಮೆ ಮಾಡಿದರೆ ಹೋಗುತ್ತದೆ ಎಂದು ನನಗೆ ನಾನೇ ಡಾಕ್ಟರಾಗಿದ್ದೆ. ನನ್ನ ತರಗತಿಯಲ್ಲಿ ಪುಟಾಣಿಗಳು ಕಿರುಬೆರಳೆತ್ತಿ "ಮಿಸ್" ಎಂದರೆ ಸಾಕು, ಆಯಾ ಕರೆದುಕೊಂಡು ಹೋಗುತ್ತಾಳೆ. ಮಿಸ್‌ಗೆ ಬಂದರೆ ಅವಳು ಯಾರಿಗೆ ಬೆರಳೆತ್ತಬೇಕು?

ಒಂದು ಶುಕ್ರವಾರ ಸಿತ್ರಾದಲ್ಲಿ ಏಳು ಸೀಟಿನ ಗಾಡಿಗಳನ್ನು ನೋಡಲು ಹೋದೆವು. ಹನೀಫ್ ಮನಸ್ಸಿನಲ್ಲಿ ಮೊದಲೇ ಒಂದನ್ನು ಮದುವೆಯಾಗಿಬಿಟ್ಟಿದ್ದರು. ಕರ್ರಗಿನ, ಲಾರಿಯಷ್ಟು ಎತ್ತರದ ಎಸ್‌ಯುವಿ. ಮುಂದೆ ಹತ್ತಿ ಕೂತು ಸ್ಟೀರಿಂಗ್ ಸವರುತ್ತಾ, "ಎಂತ ಗತ್ತು ನೋಡು!" ಅಂದರು. ನನ್ನನ್ನು ಹಿಂದಿನ ಸಾಲಿಗೆ ಹತ್ತಿಸಿದರು. ಅಲ್ಲಿಗೆ ಹೋಗಬೇಕಾದರೆ ನಡುವಿನ ಸೀಟನ್ನು ಮಡಚಿ, ಮುಂದಕ್ಕೆ ತಳ್ಳಿ, ಸಂದಿಯಲ್ಲಿ ನುಸುಳಬೇಕು. ಹೇಗೋ ನುಸುಳಿ ಕೂತೆ. ಕೂತದ್ದೇ ತಡ, ಹೊಟ್ಟೆ ಕರೆಯಿತು.

ಆ ಸೀಟು ಮಡಚುವ ಹಿಡಿ ಎಲ್ಲಿದೆ ಎಂದು ನನಗೆ ತಿಳಿಯದು. ಅವಳಿಗಳು ನಡುವಿನ ಸಾಲಿನಲ್ಲಿ ಕೂತು ಎಸಿಯ ಗುಂಡಿ ತಿರುಗಿಸುತ್ತಿದ್ದರು. ಸೇಲ್ಸ್‌ಮನ್ ಹನೀಫರಿಗೆ ಎಂಜಿನ್ನಿನ ಗುಣಗಾನ ಮಾಡುತ್ತಿದ್ದ. ನಾನು ಸೀಟಿನ ಮೇಲಿಂದಲೇ ಹತ್ತಿ ದಾಟಿದೆ. ತೊಟ್ಟಿದ್ದ ಉದ್ದನೆಯ ಅಬಾಯಾ ಸೀಟ್ ಬೆಲ್ಟಿನ ಕೊಂಡಿಗೆ ಸಿಕ್ಕಿ ಪರ್ರೆಂದು ಹರಿಯಿತು. ಹರಿದದ್ದನ್ನು ಹಾಗೇ ಮುದ್ದೆ ಮಾಡಿ ಹಿಡಿದುಕೊಂಡು ಶೋರೂಮಿನ ಒಳಕ್ಕೆ ಓಡಿದೆ. ತಿರುಗಿ ಬಂದಾಗ ಹನೀಫ್, "ಎಲ್ಲಿಗೆ ಹೋದದ್ದು? ಬಣ್ಣ ಇಷ್ಟ ಆಗ್ಲಿಲ್ವಾ?" ಅಂದರು. "ಬಿಳಿ ಉಂಟಾ ಕೇಳಿ" ಅಂದೆ. ಬೇರೇನು ಹೇಳಲಿ?

ಇನ್ನೊಂದು ಮೂಲೆಯಲ್ಲಿ ಜಾರುವ ಬಾಗಿಲಿನ ಒಂದು ವ್ಯಾನು ನಿಂತಿತ್ತು. ತಗ್ಗಾಗಿತ್ತು, ನಡುವೆ ನಡೆಯಲು ದಾರಿಯಿತ್ತು. ನನ್ನ ಕಣ್ಣು ಅದರ ಮೇಲೆಯೇ ಇತ್ತು. ಹನೀಫ್ ಅತ್ತ ತಿರುಗಿಯೂ ನೋಡಲಿಲ್ಲ. "ಅದಾ? ಕಂಪನಿ ವ್ಯಾನ್ ಮಾರಾಯ್ತಿ! ಈ ದೇಶಕ್ಕೆ ಬಂದ ಹೊಸತಿಗೆ ಅಂಥದ್ದರಲ್ಲೇ ಸಾರ್ಡೀನಿನ ಹಾಗೆ ತುಂಬಿಸಿ ಲೇಬರ್ ಕ್ಯಾಂಪಿಗೆ ಬಿಡ್ತಿದ್ರು. ಈಗ ನನ್ನ ಸ್ವಂತ ದುಡ್ಡಲ್ಲಿ ಪುನಃ ಅದಕ್ಕೇ ಹತ್ಬೇಕಾ? ಶಾಲೆ ಮಕ್ಕಳನ್ನು ಸಾಗಿಸುವ ಬಿಸಿನೆಸ್ ಶುರು ಮಾಡಿದ್ಯಾ ಅಂತ ದೋಸ್ತಿಗಳು ಕೇಳ್ತಾರೆ." ಮಾತು ಅಲ್ಲಿಗೆ ಮುಗಿಯಿತು.

ಮುಂದಿನ ವಾರ ಶಾಲೆಯಲ್ಲಿ ಮೆಟ್ಟಿಲು ಹತ್ತುವಾಗ ತಲೆ ಸುತ್ತಿ ಕೂತೆ. ಹನೀಫ್ ನನ್ನನ್ನು ಹತ್ತಿರದ ಪಾಲಿಕ್ಲಿನಿಕ್ಕಿಗೆ ಕರೆದೊಯ್ದರು. ರಕ್ತ ಪರೀಕ್ಷೆಯಾಯಿತು. ಡಾಕ್ಟರು ರಿಪೋರ್ಟು ನೋಡಿ ರಕ್ತ ಸ್ವಲ್ಪ ಕಡಿಮೆ ಇದೆ, ಒಳಗೆಲ್ಲೋ ಉರಿಯೂತದ ಲಕ್ಷಣವಿದೆ ಎಂದರು. "ಹೊಟ್ಟೆಯ ತೊಂದರೆ ಏನಾದರೂ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹನೀಫ್, "ಸರಿಯಾಗಿ ತಿನ್ನುದೇ ಇಲ್ಲ ಡಾಕ್ಟ್ರೇ, ಇಡೀ ದಿನ ಮಕ್ಕಳ ಹಿಂದೆ ಓಡುದೇ" ಎಂದು ಉತ್ತರ ಕೊಟ್ಟಾಗಿತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು. ಕಡಿಮೆಯಾಗದಿದ್ದರೆ ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದರು.

ರಿಪೋರ್ಟಿನಲ್ಲಿ ಇನ್ನೊಂದು ಸಾಲಿಗೂ ಕೆಂಪು ಬಣ್ಣ ಬಿದ್ದಿತ್ತು. ಪ್ಲೇಟ್‌ಲೆಟ್ ವಾಲ್ಯೂಮ್, ಕಡಿಮೆ. ಅದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ಹನೀಫ್ ಪಾರ್ಕಿಂಗಿನಲ್ಲೇ ಅದರ ಫೋಟೊ ತೆಗೆದು ಕುಟುಂಬದ ಗ್ರೂಪಿಗೆ ಹಾಕಿಬಿಟ್ಟರು. ಕೆಳಗೆ ಬರೆದದ್ದು ಇಷ್ಟೇ: "ಝೀನತ್‌ಗೆ ಪ್ಲೇಟ್‌ಲೆಟ್ ಕಡಿಮೆ. ದುಆ ಮಾಡಿ."

ಮಂಗಳೂರು ಕಡೆಯವರಿಗೆ ಪ್ಲೇಟ್‌ಲೆಟ್ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಒಂದೊಂದು ಮಳೆಗಾಲದಲ್ಲಿ ಮನೆಮನೆಗೂ ಡೆಂಗ್ಯೂ ಬಂದು, ಪ್ಲೇಟ್‌ಲೆಟ್ಟಿನ ಸಂಖ್ಯೆಯನ್ನು ಕ್ರಿಕೆಟ್ ಸ್ಕೋರಿನ ಹಾಗೆ ಕೇಳಿ ತಿಳಿದುಕೊಂಡ ಜನ ನಾವು. ಪ್ಲೇಟ್‌ಲೆಟ್ ಇಳಿದರೆ ಪಪ್ಪಾಯಿ ಎಲೆಯ ರಸ. ಇದರಲ್ಲಿ ಬ್ಯಾರಿ, ಕೊಂಕಣಿ, ತುಳು ಎಂಬ ಭೇದವಿಲ್ಲ. ನಾವು ಮನೆ ಸೇರುವಷ್ಟರಲ್ಲಿ ಗ್ರೂಪಿನ ತುಂಬ ಹಸಿರು ಎಲೆಗಳ ಚಿತ್ರ. ಬಹರೈನಿನಲ್ಲಿ ಡೆಂಗ್ಯೂ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ.

ನನ್ನ ಸಹೋದ್ಯೋಗಿ ಲವೀನಾ ಇರುವುದು ಅರಾದ್‌ನಲ್ಲಿ, ಒಬ್ಬ ಬಹರೈನಿ ಯಜಮಾನರ ಮನೆಯ ಔಟ್‌ಹೌಸಿನಲ್ಲಿ. ಆ ಅಂಗಳದಲ್ಲಿ ಒಂದು ಪಪ್ಪಾಯಿ ಮರವಿದೆ. ಆಗ ಅಲ್ಲಿ, ಯಜಮಾನರು ಮಾರುತ್ತಾರಂತೆ ಎಂದು ಅವಳು ನಮಗೆ ಹೇಳಿದ್ದ ಒಂದು ವ್ಯಾನೂ ನಿಂತಿತ್ತು. ಮರುದಿನ ಶಾಲೆಗೆ ಬರುವಾಗ ಅವಳು ಒಂದು ಚೀಲ ತುಂಬ ಎಲೆ ತಂದಳು. "ಯಜಮಾನ್ರ ಹತ್ರ ಕೇಳಿಯೇ ಕಿತ್ತದ್ದು, ಹೆದರ್ಬೇಡ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿ. ನನ್ನ ತಮ್ಮನಿಗೆ ಡೆಂಗ್ಯೂ ಆದಾಗ ಇದ್ರಲ್ಲೇ ಎದ್ದು ಕೂತದ್ದು."

ಆ ರಸದ ರುಚಿಯ ಬಗ್ಗೆ ಹೇಳುವುದಾದರೆ, ಹಾಗಲಕಾಯಿ ಅದರ ಮುಂದೆ ಹಲ್ವಾ. ಹನೀಫ್ ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ತಾವೇ ಅರೆದು, ಸೋಸಿ, ಲೋಟದಲ್ಲಿ ತಂದು ಎದುರು ನಿಲ್ಲುತ್ತಿದ್ದರು. ಮದುವೆಯಾದ ಮೇಲೆ ಆ ಮನುಷ್ಯ ಮಿಕ್ಸಿ ಮುಟ್ಟಿದ್ದು ಅದೇ ಮೊದಲು. ಆ ಪ್ರೀತಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ, ಕುಡಿದೆ. ಕುಡಿದ ಪ್ರತಿ ದಿನವೂ ನನ್ನ ಓಟ ಹೆಚ್ಚಾಯಿತು.

ಇದೇ ಗಡಿಬಿಡಿಯಲ್ಲಿ ಮಾಮಿ ಬಂದಿಳಿದರು. ಅವರ ಪೆಟ್ಟಿಗೆಯಲ್ಲಿ ಒಣಮೀನು, ಹಪ್ಪಳ, ಕುಚ್ಚಲಕ್ಕಿಯ ನಡುವೆ ಬಿಸಿಲಿನಲ್ಲಿ ಒಣಗಿಸಿ ಪುಡಿ ಮಾಡಿದ ಪಪ್ಪಾಯಿ ಎಲೆಯ ಡಬ್ಬಿಯೂ ಇತ್ತು. "ಬಪ್ಪಂಗಾಯಿ ಎಲೆ ಇಲ್ಲಿ ಸಿಗುದಿಲ್ಲ ಅಂತ ಗೊತ್ತಿತ್ತು" ಅಂದರು. ಏರ್‌ಪೋರ್ಟಿನಿಂದ ಬರುವಾಗ ಐದು ಸೀಟಿನ ಕಾರಿನಲ್ಲಿ ಆರು ಜನ ಒತ್ತಿಕೊಂಡು ಕೂತಿದ್ದೆವು. ನಾನು ನೀರಿನ ಬಾಟಲಿ ಕೊಟ್ಟೆ. ಮಾಮಿ ಕೈ ಅಡ್ಡ ಹಿಡಿದರು. "ಗಾಡಿಯಲ್ಲಿ ನಾನು ನೀರು ಮುಟ್ಟುದಿಲ್ಲ ಮಗಳೇ. ನಿನ್ನ ಮಾವನ ಬಸ್ಸಲ್ಲಿ ಎಷ್ಟು ತಿರುಗಿದ್ದೇನೆ, ಒಂದು ದಿವಸ ಆದ್ರೂ ನಿಲ್ಸಿ ಅಂತ ಹೇಳಿದ್ದಿಲ್ಲ. ಡ್ರೈವರನ ಹೆಂಡ್ತಿಗಾಗಿ ಬಸ್ಸು ನಿಂತ್ರೆ ಜನ ಎಂತ ಹೇಳ್ತಾರೆ?" ಈ ಮಾತನ್ನು ಅವರು ತುಂಬ ಹೆಮ್ಮೆಯಿಂದ ಹೇಳಿದರು. ನಾನು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತೆ. ಇಂಥ ಹೆಂಗಸಿನ ಜೊತೆ ನಾನು ಮಕ್ಕಾಕ್ಕೆ ಹೊರಟು, ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ಎನ್ನುವುದು ಹೇಗೆ? ಅವತ್ತೇ ನಿರ್ಧಾರ ಮಾಡಿದೆ, ಅವರೆಲ್ಲ ಹೋಗಲಿ, ನಾನು ಏನಾದರೂ ನೆಪ ಹೇಳಿ ಮನೆಯಲ್ಲೇ ಉಳಿಯುತ್ತೇನೆ.

ರಸದ ಜೊತೆಗೆ ಪುಡಿಯೂ ಸೇರಿದ ಮೇಲೆ ನನ್ನ ಹೊಟ್ಟೆ ಸಂಪೂರ್ಣ ದಂಗೆ ಎದ್ದಿತು. ಒಂದು ಮಧ್ಯಾಹ್ನ ಸ್ನಾನದ ಮನೆಯಿಂದ ಹೊರಬಂದವಳು ಬಾಗಿಲಲ್ಲೇ ಕುಸಿದೆ. ಒಳಗಿನ ರಕ್ತವನ್ನು ಕಂಡವಳು ಶಝಾ. ಅವಳು ಕೂಗಿಕೊಳ್ಳಲಿಲ್ಲ. ಅಂಗಡಿಗೆ ಫೋನು ಮಾಡಿ, ಇಂಗ್ಲಿಷಿನಲ್ಲಿ, ತಣ್ಣಗೆ, "ಉಪ್ಪಾ, ಉಮ್ಮಾ ಈಸ್ ಬ್ಲೀಡಿಂಗ್, ಕಮ್ ನೌ" ಅಂದಳು. ಮಗಳ ಮುಖ ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಕ್ಯಾನ್ಸರ್ ಎಂಬ ಶಬ್ದವನ್ನು ಅಷ್ಟು ತಿಂಗಳು ಮನಸ್ಸಿನ ಹೊರಗೆ ಕಾಯಿಸಿ ನಿಲ್ಲಿಸಿದ್ದೆ. ಅವತ್ತು ಅದು ಒಳಗೆ ಬಂದು ಕೂತಿತು.

ದೊಡ್ಡ ಆಸ್ಪತ್ರೆಯ ಹೊಟ್ಟೆ ವಿಭಾಗದ ಹೊರಗೆ ಕಾಯುವುದು ಒಂದು ಬೇರೆಯೇ ಪ್ರಪಂಚ. ಅಲ್ಲಿ ಎಲ್ಲರೂ ಶೌಚಾಲಯದ ಬಾಗಿಲು ಕಾಣುವ ಹಾಗಿರುವ ಕುರ್ಚಿಗಳನ್ನೇ ಹುಡುಕುತ್ತಾರೆ. ನನ್ನ ಪಕ್ಕ ಒಬ್ಬ ಬಹರೈನಿ ಅಜ್ಜಿ ಕೂತಿದ್ದರು. ನನ್ನ ಹೊಟ್ಟೆಯ ಕಡೆ ಬೆರಳು ತೋರಿಸಿ ಹುಬ್ಬು ಹಾರಿಸಿದರು. ನಾನು ತಲೆಯಾಡಿಸಿದೆ. ತಮ್ಮ ಹೊಟ್ಟೆ ತಟ್ಟಿಕೊಂಡು "ನಫ್ಸ್ ಶೈ", ಅಂದರೆ ನನ್ನದೂ ಅದೇ, ಎಂದರು. ಆಮೇಲೆ ಅರ್ಧ ಅರಬಿ ಅರ್ಧ ಹಿಂದಿಯಲ್ಲಿ, ಯಾವ ಮಾಲಿನ ಶೌಚಾಲಯ ಸ್ವಚ್ಛ, ಯಾವುದರಲ್ಲಿ ಸರತಿ ಉದ್ದ, ಕಾಸ್‌ವೇಯಲ್ಲಿ ಎಲ್ಲಿ ಇಳಿಯಬಹುದು ಎಂದು ಒಂದೊಂದಾಗಿ ವಿವರಿಸಿದರು. ಬಹರೈನನ್ನು ಆ ದೃಷ್ಟಿಯಿಂದ ಯಾರೂ ನನಗೆ ಪರಿಚಯಿಸಿರಲಿಲ್ಲ. ತಿಂಗಳುಗಳ ನಂತರ ಮೊದಲ ಸಲ ಹೊಟ್ಟೆ ತುಂಬ ನಕ್ಕೆ.

ಡಾಕ್ಟರು ಬಹರೈನಿನ ಹೆಂಗಸು, ನನ್ನದೇ ವಯಸ್ಸು. ಹನೀಫ್ ಉತ್ತರಿಸಲು ಬಾಯಿ ತೆರೆದಾಗ ಅವರು ನಯವಾಗಿ, "ನೀವು ಸ್ವಲ್ಪ ಹೊರಗೆ ಕೂತಿರಿ" ಎಂದರು. ಬಾಗಿಲು ಮುಚ್ಚಿದ ಮೇಲೆ ನಾನು ಅಳುತ್ತಾ ಎಲ್ಲವನ್ನೂ ಹೇಳಿದೆ. ಅವರು ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ತಳ್ಳಿದರೇ ಹೊರತು ಒಂದು ಸಲವೂ ಮುಖ ಸಿಂಡರಿಸಲಿಲ್ಲ. ಈಗ ಏನೇನು ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದಾಗ ಪಪ್ಪಾಯಿ ಎಲೆಯ ಕಥೆ ಹೇಳಬೇಕಾಯಿತು. ಅವರು ಪೆನ್ನು ಕೆಳಗಿಟ್ಟರು.

"ಡೆಂಗ್ಯೂ ಯಾರಿಗೆ?"

"ಯಾರಿಗೂ ಇಲ್ಲ ಡಾಕ್ಟರ್. ಪ್ಲೇಟ್‌ಲೆಟ್ ಕಡಿಮೆ ಅಂತ."

ಅವರು ರಿಪೋರ್ಟನ್ನು ತಿರುಗಿಸಿ ನನ್ನ ಮುಂದೆ ಇಟ್ಟು ಎರಡು ಸಾಲು ತೋರಿಸಿದರು. ಒಂದು ಪ್ಲೇಟ್‌ಲೆಟ್ ಎಷ್ಟಿವೆ ಎಂಬ ಸಾಲು, ಅದರಲ್ಲಿ ಯಾವ ಕೊರತೆಯೂ ಇಲ್ಲ. ಇನ್ನೊಂದು ಅವು ಎಷ್ಟು ದೊಡ್ಡವು ಎಂಬ ಸಾಲು, ಕೆಂಪು ಬಿದ್ದದ್ದು ಅದಕ್ಕೆ. "ಕಡಿಮೆ ಇರುವುದು ಗಾತ್ರ" ಎಂದರು. ನನಗೆ ಥಟ್ಟನೆ ಅರ್ಥವಾಯಿತು. ತರಗತಿ ಭರ್ತಿಯಾಗಿದೆ, ಒಂದು ಮಗುವೂ ಗೈರುಹಾಜರಿಲ್ಲ, ಎಲ್ಲರೂ ಕೆಜಿಯವರು, ಅಷ್ಟೆ. ಹಾಗೆಂದು ಹೇಳಿದಾಗ ಅವರಿಗೆ ತುಂಬ ಖುಷಿಯಾಯಿತು. ಅದೊಂದೇ ಸಾಲನ್ನು ನೋಡಿ ಏನನ್ನೂ ಹೇಳಲಾಗುವುದಿಲ್ಲ, ಎಷ್ಟೋ ಸಲ ಅದಕ್ಕೆ ಅರ್ಥವೇ ಇರುವುದಿಲ್ಲ, ಆದರೆ ಕರುಳಿನಲ್ಲಿ ಉರಿಯೂತ ಇದ್ದಾಗಲೂ ಹಾಗೆ ಕಾಣುವುದುಂಟು, ಆದ್ದರಿಂದ ಒಳಗೆ ಕ್ಯಾಮೆರಾ ಹಾಕಿ ನೋಡೋಣ ಎಂದರು. ಪಪ್ಪಾಯಿ ರಸವನ್ನು ಅವತ್ತೇ ನಿಲ್ಲಿಸಬೇಕೆಂದರು. ಆ ಆಜ್ಞೆಗೆ ನಾನು ಎದ್ದು ಸಲಾಂ ಹೊಡೆಯುವುದೊಂದು ಬಾಕಿ.

ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ತೊಳೆಯುವ ಔಷಧವನ್ನು ಜಗ್ಗುಗಟ್ಟಲೆ ಕುಡಿಯಬೇಕಿತ್ತು. ಮಾಮಿ ಆ ಜಗ್ಗನ್ನು ಮುಂದಿಟ್ಟುಕೊಂಡು ಕುರ್‌ಆನಿನ ಯಾಸೀನ್ ಅಧ್ಯಾಯ ಓದಿ ಊದಿದರು. ಔಷಧ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಇದು ಓದಿದ್ದರ ಬರಕತ್ತು ಎಂದು ಮಾಮಿ ಈಗಲೂ ಹೇಳುತ್ತಾರೆ. ಪರೀಕ್ಷೆ ಮುಗಿದು ಎಚ್ಚರವಾದಾಗ ಡಾಕ್ಟರು ಮೊದಲು ಹೇಳಿದ್ದು, "ಕ್ಯಾನ್ಸರ್ ತರಹದ್ದೇನೂ ಕಾಣುತ್ತಿಲ್ಲ." ಆಮೇಲೆ ಕಾಯಿಲೆಯ ಹೆಸರು ಹೇಳಿದರು. ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಗೋಡೆಯಲ್ಲಿ ಹುಣ್ಣು. ಪೂರ್ತಿ ಹೋಗುವ ಕಾಯಿಲೆಯಲ್ಲ, ಆದರೆ ಮಾತ್ರೆಗಳಿಂದ ಮಲಗಿಸಿಡಬಹುದು. ಅರೆ ಮಂಪರಿನಲ್ಲಿ ನಾನು, "ಮಲಗಿಸುದು ನಂಗೆ ಗೊತ್ತುಂಟು, ಕೆಜಿ ಟೀಚರ್" ಎಂದು ಕನ್ನಡದಲ್ಲಿ ಹೇಳಿದೆನಂತೆ. ಹನೀಫ್ ಕಣ್ಣೊರೆಸಿಕೊಳ್ಳುತ್ತಾ ಅದನ್ನು ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದರಂತೆ.

ಮೊದಲು ಸ್ಟೀರಾಯ್ಡ್ ಕೊಟ್ಟರು. ನನ್ನ ಮುಖ ಇಡ್ಲಿಯ ಹಾಗೆ ಉಬ್ಬಿತು. ಕನ್ನಡಿ ನೋಡಿ ನಾನು ಅತ್ತರೆ, ಮಾಮಿ "ಈಗ ಮುಖದಲ್ಲಿ ಒಂದು ಕಳೆ ಬಂತು" ಎಂದು ಸಂತೋಷಪಟ್ಟರು. ಓಟ ಕಡಿಮೆಯಾಯಿತು, ರಕ್ತ ನಿಂತಿತು. ಮಾಮಿ ದಿನವೂ ಕುಚ್ಚಲಕ್ಕಿ ಗಂಜಿಯ ತಿಳಿ ಬಸಿದು ಕೊಟ್ಟರು. ಆದರೆ ಭಯ ಕರುಳಿನಷ್ಟು ಬೇಗ ಒಣಗಲಿಲ್ಲ. ಮನೆಯಿಂದ ಹೊರಟು ಸಿಗ್ನಲ್ಲಿನಲ್ಲಿ ಕಾರು ನಿಂತರೂ ಬೆವರುತ್ತಿದ್ದೆ. ಉಮ್ರಾ ಪ್ರಯಾಣ ಹತ್ತಿರವಾಗುತ್ತಿತ್ತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಮಾಮಿಯ ಹತ್ತಿರ ಹೇಳಿಯೇ ಬಿಟ್ಟೆ.

"ಮಾಮೀ, ನೀವೆಲ್ಲ ಹೋಗಿ ಬನ್ನಿ. ನಂಗೆ ಆಗುದಿಲ್ಲ. ದಾರಿಯಲ್ಲಿ ಎಷ್ಟು ಸಲ ನಿಲ್ಸ್ಬೇಕೋ. ತವಾಫ್ ಮಾಡುವಾಗ ಅರ್ಧದಲ್ಲೇ ವುಝೂ ಹೋದ್ರೆ ಎಂತ ಮಾಡುದು?"

ಕಅಬಾಕ್ಕೆ ಸುತ್ತು ಬರುವ ತವಾಫಿಗೆ ಕೈಕಾಲು ಮುಖ ತೊಳೆದ ವುಝೂ ಇರಲೇಬೇಕು, ಶೌಚಕ್ಕೆ ಹೋದರೆ ಅದು ಮುರಿಯುತ್ತದೆ. ಮಾಮಿ ಗಂಜಿಯ ಪಾತ್ರೆ ಕೆಳಗಿಳಿಸಿದರು. "ಹೋದ್ರೆ ಪುನಃ ಮಾಡುದು. ಅಲ್ಲಿ ನೀರಿಗೆ ಬರಗಾಲವಾ? ನಿನ್ನ ಹೊಟ್ಟೆ ಹೀಗೆ ಅಂತ ಅಲ್ಲಾಹನಿಗೆ ಗೊತ್ತಿಲ್ವಾ? ಅವನಿಗೂ ರಿಪೋರ್ಟ್ ತೋರಿಸ್ಬೇಕಾ?"

"ಆದ್ರೂ..."

"ಎಲ್ರೂ ಒಟ್ಟಿಗೆ ಅಂತ ನಾನು ಹೇಳಿದ್ದು. ನೀನು ಬರುದಿಲ್ಲಾಂದ್ರೆ ನನ್ನ ಬ್ಯಾಗ್ ಕಟ್ಟುದು ಬೇಡ." ಅಷ್ಟು ಹೇಳಿ ಅವರು ಲೋಟಕ್ಕೆ ತಿಳಿ ಬಸಿಯತೊಡಗಿದರು. ಅವರ ಅಷ್ಟು ವರ್ಷದ ಆಸೆ ಈಗ ನನ್ನ ಹೊಟ್ಟೆಯ ಮೇಲೆ ನಿಂತಿತು. ಖುಷಿಯೂ ಆಯಿತು, ಹೊರೆಯೂ ಆಯಿತು.

ಹನೀಫ್ ಹೊರಗೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಅವರ ಫೋನಿನ ಪರದೆಯ ಮೇಲೆ ಆ ಕರ್ರಗಿನ ಎಸ್‌ಯುವಿಯ ಫೋಟೊ ಇತ್ತು. ಸಂಜೆ ನೋಡಿದರೆ ಅಲ್ಲಿ ಮಕ್ಕಳ ಫೋಟೊ ಬಂದಿತ್ತು. ಮರುದಿನ ಲವೀನಾಳಿಗೆ ಅವರೇ ಫೋನು ಮಾಡಿ, "ನಿಮ್ಮ ಮನೆ ಯಜಮಾನ್ರ ವ್ಯಾನ್ ಕೊಡ್ಲಿಕ್ಕುಂಟು ಅಂತ ಹೇಳಿದ್ರಲ್ಲ, ಅದು ಇನ್ನೂ ಉಂಟಾ?" ಎಂದು ಕೇಳಿದರು.

ಪಪ್ಪಾಯಿ ಮರದ ಯಜಮಾನರಾದ ಅಬು ಯೂಸುಫ್ ಆ ಮರದ ಪಕ್ಕದಲ್ಲೇ ವ್ಯಾನನ್ನು ತೊಳೆದು ನಿಲ್ಲಿಸಿದ್ದರು. ಅವರ ಮಕ್ಕಳೆಲ್ಲ ದೊಡ್ಡವರಾಗಿ ಸ್ವಂತ ಕಾರು ತೆಗೆದುಕೊಂಡಿದ್ದರು. ನಾನು ನಡುವಿನ ಸಾಲಿನಲ್ಲಿ ಬಾಗಿಲ ಪಕ್ಕ ಕೂತೆ. ಹನೀಫ್ ಹೊರಗೆ ನಿಂತು, ಕೆಜಿಯ ಓಟದ ಪಂದ್ಯದ ಹಾಗೆ, "ರೆಡೀ, ಸ್ಟಾರ್ಟ್" ಅಂದರು. ಬಾಗಿಲು ಎಳೆದು, ಹಾರಿ, ಲವೀನಾಳ ಮನೆಯ ಹೊಸಿಲು ಮುಟ್ಟಿದೆ. ಅಬು ಯೂಸುಫರಿಗೆ ಏನೂ ಅರ್ಥವಾಗದೆ, ಇದರ ಬಾಗಿಲು ಕೈಯಿಂದಲೇ ಎಳೆಯಬೇಕು, ಹೊಸ ಗಾಡಿಗಳಲ್ಲಿ ಗುಂಡಿ ಒತ್ತಿದರೆ ತಾನೇ ತೆರೆಯುತ್ತದೆ ಎಂದು ಪಾಪ ಸಂಕೋಚದಿಂದ ಹೇಳಿದರು. ಆ ತಾನೇ ತೆರೆಯುವ ಬಾಗಿಲನ್ನು ನಾನು ಸಿತ್ರಾದ ಶೋರೂಮಿನಲ್ಲೇ ನೋಡಿದ್ದೆ. ಮದುಮಗಳು ಸೆರಗು ಸರಿಸುವಷ್ಟು ನಿಧಾನ. "ಇದೇ ಬೇಕು ಬಾಬಾ" ಎಂದರು ಹನೀಫ್. ಹೊರಡುವಾಗ ಅಬು ಯೂಸುಫ್ ಪ್ರೀತಿಯಿಂದ ಒಂದು ಹಿಡಿ ಪಪ್ಪಾಯಿ ಎಲೆ ಕಿತ್ತು ಕೊಡಲು ಬಂದರು. ನಾನು ಮತ್ತೊಮ್ಮೆ ಓಡಿದೆ.

ಮೊದಲ ಸವಾರಿಯಲ್ಲೇ ಒಂದು ಎಡವಟ್ಟಾಯಿತು. ಅದ್ಲಿಯಾದಲ್ಲಿ ಊಟಕ್ಕೆಂದು ಹೋಗುವಾಗ ನನಗೆ ಅವಸರವಾಯಿತು. ಗಾಡಿ ನಿಂತಿತು, ಬಾಗಿಲು ಎಳೆದರೆ ಬರುವುದಿಲ್ಲ. ಅವಳಿಗಳು ಅದರ ಅಂಚಿನಲ್ಲಿದ್ದ ಚೈಲ್ಡ್ ಲಾಕನ್ನು ಆಟಕ್ಕೆ ಒತ್ತಿಟ್ಟಿದ್ದರು. ಕೆಜಿ ಟೀಚರಿಗೇ ಚೈಲ್ಡ್ ಲಾಕ್! ಹನೀಫ್ ಸುತ್ತು ಹಾಕಿ ಓಡಿಬಂದು ಹೊರಗಿನಿಂದ ತೆರೆದರು, ನಾನು ಎದುರಿನ ಕೆಫೆಗೆ ನುಗ್ಗಿದೆ. ವಾಪಸು ಬಂದಾಗ ಶಝಾ ತಮ್ಮಂದಿರಿಗೆ ಕ್ಲಾಸು ತೆಗೆದುಕೊಳ್ಳುತ್ತಿದ್ದಳು. ಅವತ್ತೇ ಅವಳು ನಿಯಮವನ್ನೂ ಮಾಡಿದಳು. "ಉಮ್ಮಾ, ಯು ಡೋಂಟ್ ಹ್ಯಾವ್ ಟು ಸೇ ಎನಿಥಿಂಗ್. ನಿಮ್ಮ ಕ್ಲಾಸಿನ ಹಾಗೆ ಫಿಂಗರ್ ತೋರಿಸಿ, ಸಾಕು." ಅಂದಿನಿಂದ ನಾನು ಕಿರುಬೆರಳೆತ್ತಿದರೆ ಹನೀಫ್ ಕನ್ನಡಿಯಲ್ಲಿ ನೋಡಿ ಗಾಡಿ ನಿಲ್ಲಿಸುತ್ತಾರೆ. ಯಾರೂ ಯಾಕೆ ಎನ್ನುವುದಿಲ್ಲ. ಮಾಮಿ ಈ ಏರ್ಪಾಟನ್ನು ನೋಡಿ, "ಒಳ್ಳೆ ಶಾಲೆ" ಎಂದು ನಕ್ಕರು.

ಉಮ್ರಾಕ್ಕೆ ನಾವು ಹೊರಟದ್ದು ಬೆಳಕು ಹರಿಯುವ ಹೊತ್ತಿಗೆ. ಕಾಸ್‌ವೇಯ ಎರಡೂ ಕಡೆ ನೀರು ಬೆಳ್ಳಗೆ ಹೊಳೆಯುತ್ತಿತ್ತು. ಮಾಮಿ ನನ್ನ ಪಕ್ಕದ ಸೀಟಿನಲ್ಲಿ ತಸ್ಬೀಹ್ ಮಾಲೆ ಹಿಡಿದು, ಬಸ್ಸಿನ ಡ್ರೈವರನ ಹೆಂಡತಿಯ ಗಾಂಭೀರ್ಯದಲ್ಲಿ ನೆಟ್ಟಗೆ ಕೂತಿದ್ದರು. ಗಡಿಯಲ್ಲಿ ಒಮ್ಮೆ, ಪೆಟ್ರೋಲ್ ಬಂಕಿನಲ್ಲಿ ಒಮ್ಮೆ ನಾನು ಬೆರಳೆತ್ತಿದೆ. ಅವೂ ಹೊಟ್ಟೆಗಿಂತ ಹೆಚ್ಚಾಗಿ ಹೆದರಿಕೆಯಿಂದ. ಎರಡೂ ಕಡೆ ಮಾಮಿ ಇಳಿಯಲಿಲ್ಲ, ನಂಗೆಂತ ಬೇಡ ಎಂದು ಗಾಡಿಯಲ್ಲೇ ಕೂತರು. ರಿಯಾದ್ ದಾಟಿದ ಮೇಲೆ ಎರಡೂ ಬದಿಗೆ ಬರೀ ಮರಳು. ಅವಳಿಗಳು ಒಂಟೆ ಹುಡುಕುತ್ತಾ ನಿದ್ದೆ ಹೋದರು. ಹೊಟ್ಟೆ ನೆನಪಾಗದೆ ತುಂಬ ಹೊತ್ತು ಕಳೆಯಿತು ಎಂದು ನನಗೆ ಆಮೇಲೆ ಹೊಳೆಯಿತು. ಕಿಟಕಿಯಿಂದ ಹೊರಗೆ ನೋಡುತ್ತಾ ಸುಮ್ಮನೆ ಖುಷಿಯಾಗಿ ಕೂತಿದ್ದೆ.

ಆಗ ಮಾಮಿಯ ಕಡೆ ನೋಡಿದೆ. ತಸ್ಬೀಹಿನ ಮಣಿಗಳು ಓಡುತ್ತಿರಲಿಲ್ಲ. ತುಟಿ ಒಣಗಿ ಬೆಳ್ಳಗಾಗಿತ್ತು. ಬೆಳಗಿನಿಂದ ಒಂದು ಗುಟುಕು ನೀರನ್ನೂ ಅವರು ಮುಟ್ಟಿರಲಿಲ್ಲ. ಬಾಟಲಿ ಚಾಚಿದರೆ ತಲೆಯಲ್ಲಾಡಿಸಿದರು. ಸ್ವಲ್ಪ ದೂರ ಹೋಗಿರಬೇಕು. ಮಾಮಿ ನನ್ನ ಕಡೆ ತಿರುಗಲಿಲ್ಲ, ಕಿಟಕಿಯಾಚೆಗೇ ನೋಡುತ್ತಿದ್ದರು. ಮಡಿಲಲ್ಲಿದ್ದ ಅವರ ಕೈ ಸ್ವಲ್ಪ ಮೇಲೆದ್ದಿತು. ತಸ್ಬೀಹಿನ ನಡುವಿನಿಂದ ಕಿರುಬೆರಳೊಂದು ಮೆಲ್ಲಗೆ ನೆಟ್ಟಗಾಯಿತು. ಮುಂದೆ ಕೂತವರಿಗೆ ಕಾಣದಷ್ಟು, ನನಗೆ ಮಾತ್ರ ಕಾಣುವಷ್ಟು.

ನಾನು ನನ್ನ ಕೈಯನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಎತ್ತಿದೆ.

"ಪುನಃ ಬಂತಾ?" ಎಂದರು ಹನೀಫ್.

"ಬಂತು ಮಾರಾಯ್ರೇ. ನನ್ನ ಹೊಟ್ಟೆ ಗೊತ್ತುಂಟಲ್ಲ? ಬೇಗ ನಿಲ್ಸಿ."

ಮುಂದಿನ ಬಂಕಿನಲ್ಲಿ ಗಾಡಿ ನಿಂತಿತು. ನಾನು ಬಾಗಿಲನ್ನು ಜೋರಾಗಿ ಎಳೆದೆ. ಮಾಮಿ ನನ್ನ ಹೆಗಲು ಹಿಡಿದು ಮೊದಲು ಇಳಿದರು, ಅವರ ಹಿಂದೆ ನಾನು. ಬಂದು ಕೂತ ಮೇಲೆ ಅವರು ನನ್ನ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡು, ಬಿಸ್ಮಿಲ್ಲಾ ಹೇಳಿ, ಪೂರ್ತಿ ಕುಡಿದರು. ಆಮೇಲೆ ಖಾಲಿ ಬಾಟಲಿಯನ್ನು ನನಗೆ ವಾಪಸು ಕೊಟ್ಟು, "ಇನ್ನೊಂದು ತೆಗಿ" ಎಂದರು.